ಚೆನ್ನಾಗಿದ್ದಾನೆ ಅಂದ ತಪ್ಪಿಗೆ

ಆ ಮನೆಯಲ್ಲಿ ಯಾರೂ ‘ಹುಷಾರಿಲ್ಲ’ ಅನ್ನುವ ಹಾಗಿರಲಿಲ್ಲ. ಜ್ವರ ಬಂದರೆ ‘ಮೈ ಸ್ವಲ್ಪ ಬೆಚ್ಚಗಿದೆ’ ಅನ್ನಬೇಕು. ಡಬ್ಬದಲ್ಲಿ ಅಕ್ಕಿ ಮುಗಿದರೆ ‘ತುಂಬಿದೆ’ ಅನ್ನಬೇಕು. ಹೊರಟವರು ‘ಬರ್ತೀನಿ’ ಅನ್ನಬೇಕು. ತಪ್ಪಿ ಬೇರೇನಾದರೂ ಬಾಯಿಂದ ಜಾರಿತೋ, ಅತ್ತೆ ಎಲ್ಲಿದ್ದರೂ ಸರಿ, ಬಚ್ಚಲಲ್ಲಿದ್ದರೂ ಸರಿ, ಅಲ್ಲಿಂದಲೇ “ಬಿಡ್ತು ಅನ್ನು!” ಎಂದು ಕೂಗುತ್ತಿದ್ದರು. ಬಿಡ್ತು ಅನ್ನಿಸದೆ ಬಿಡುತ್ತಿರಲಿಲ್ಲ. ಅಂದುಬಿಟ್ಟರೆ ಆಡಿದ ಮಾತು ಆಡಿದ್ದಲ್ಲ, ಅಲ್ಲಿಗೆ ಮುಗಿಯಿತು. ಸೊಸೆ ಈ ಮನೆಗೆ ಬಂದ ಹತ್ತೊಂಬತ್ತು ವರ್ಷಗಳಲ್ಲಿ ಬಿಡ್ತು ಅಂದೂ ಅಂದೂ ಅವಳ ನಾಲಿಗೆಗೆ ಅದೊಂದು ಚಟವೇ ಆಗಿಹೋಗಿತ್ತು.

ಆ ಮಂಗಳವಾರ ಬೆಳಿಗ್ಗೆ ಫೋನು ಬಂದಾಗ ಅವಳ ಎರಡೂ ಕೈ ಗೋಂದು. ಅವಳು ನೋಟ್‌ಬುಕ್ ಬೈಂಡಿಂಗ್ ಮಾಡುವ ಶಾಪಿನಲ್ಲಿ ಕೆಲಸಕ್ಕಿದ್ದಳು. ಶಾಲೆ ಶುರುವಾಗುವ ಮುಂಚಿನ ತಿಂಗಳುಗಳಲ್ಲಿ ಕೆಲಸ ಹೆಚ್ಚು, ಹಾಗಾಗಿ ಹಾಳೆಗಳ ಕಟ್ಟನ್ನು ಮನೆಗೂ ತಂದು ಮಡಚಿ, ಬೆನ್ನಿಗೆ ಬಟ್ಟೆಪಟ್ಟಿ ಅಂಟಿಸಿ ಕೊಡುತ್ತಿದ್ದಳು. “ಅತ್ತೆ, ಸ್ವಲ್ಪ ಫೋನ್ ಎತ್ತಿ” ಎಂದಳು. ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಿದ್ದವರು ಕೈ ಒರೆಸಿಕೊಂಡು ಎತ್ತಿದರು.

“ಹಲೋ, ಯಾರಮ್ಮ? ಹ್ಞೂಂ, ನಾನು ಅವನ ತಾಯಿ. ಚೆನ್ನಾಗಿದ್ದೀವಮ್ಮ, ನೀನು ಚೆನ್ನಾಗಿದ್ದೀಯಾ? ಅವನಾ? ಚೆನ್ನಾಗಿದ್ದಾನೆ. ಏನಾಗಿದೆ ಅವನಿಗೆ, ಕಲ್ಲುಗುಂಡಿನ ಹಾಗಿದ್ದಾನೆ. ಊಟಾನಾ? ಎರಡೆರಡು ಸಲ ಊಟ ಮಾಡ್ತಾನೆ. ಕೆಲಸಾನಾ? ಸುಮ್ನೆ ಕೂರೋನಲ್ಲಮ್ಮ ನನ್ನ ಮಗ. ಮೊನ್ನೆ ಕೂಡ ಮೇಲಿನ ಮನೆಯವರ ಫ್ಯಾನ್ ಬಿಚ್ಚಿ ಕೂತಿದ್ದ. ಹ್ಞೂಂ, ಎಲ್ಲಾ ಮಾಡ್ತಾನೆ. ಆಯ್ತಮ್ಮ, ಒಳ್ಳೇದಾಗಲಿ.”

“ಯಾರತ್ತೆ?” ಸೊಸೆ ಹಾಳೆಯಿಂದ ಕಣ್ಣೆತ್ತದೆ ಕೇಳಿದಳು.

“ಯಾರೋ ಹೆಣ್ಣುಮಗಳು. ಅವನ ಕಂಪನಿ ಕಡೆಯವಳಂತೆ. ನಮ್ಮ ಭಾಷೇಲೇ ಎಷ್ಟು ಮುದ್ದಾಗಿ ಮಾತಾಡ್ತಾಳೆ! ಬಾಯ್ತುಂಬ ಅಮ್ಮಾ ಅಂತಾಳೆ. ಒಂದೊಂದೂ ವಿಚಾರಿಸಿಕೊಂಡ್ಳು, ಪಾಪ.”

ಸೊಸೆಗೆ ಏನೂ ಅನ್ನಿಸಲಿಲ್ಲ. ಅವಳಾಗಿದ್ದರೂ ಅದನ್ನೇ ಹೇಳುತ್ತಿದ್ದಳು. ಹೇಗಿದ್ದೀರಿ ಅಂದವರಿಗೆ ಚೆನ್ನಾಗಿದ್ದೀವಿ ಅನ್ನದೆ ಇನ್ನೇನು ಅನ್ನುತ್ತಾರೆ?

ಅವಳ ಗಂಡ ಜನರೇಟರ್ ಮೆಕ್ಯಾನಿಕ್. ಏಳು ವರ್ಷ ಪರದೇಶದ ಒಂದು ಮಿಲಿಟರಿ ಕ್ಯಾಂಪಿನಲ್ಲಿ ದುಡಿದಿದ್ದ. ಕ್ಯಾಂಪು ಒಂದು ಸರ್ಕಾರದ್ದು, ಅದು ನಿಂತ ನೆಲ ಇನ್ನೊಂದು ಸರ್ಕಾರದ್ದು, ಗುತ್ತಿಗೆ ಹಿಡಿದದ್ದು ಮೂರನೇ ದೇಶದ ಕಂಪನಿ, ಸಂಬಳ ಹಾಕುತ್ತಿದ್ದದ್ದು ಆ ಕಂಪನಿಯ ಕೈಕೆಳಗಿನ ಮತ್ತೊಂದು ಕಂಪನಿ. ಕಾಲೇಜಿಗೆ ಹೋಗುವ ಮೊಮ್ಮಗಳು ಇದನ್ನು ಬೆರಳು ಮಡಚಿ ಮಡಚಿ ಹೇಳಿದರೂ ಅಜ್ಜಿಯ ತಲೆಗೆ ಹತ್ತುತ್ತಿರಲಿಲ್ಲ. “ಹಾಗಾದ್ರೆ ನನ್ನ ಮಗ ಹೋಗಿದ್ದು ಯಾರ ಮನೆ ಕೆಲಸಕ್ಕೆ?” ಎಂದು ಮತ್ತೆ ಮೊದಲಿಂದ ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ಸೊಸೆಗೂ ಅದು ಗೊತ್ತಿರಲಿಲ್ಲ, ಆದರೆ ಅವಳು ಕೇಳುವ ಧೈರ್ಯ ಮಾಡಿರಲಿಲ್ಲ.

ಹೋದ ವರ್ಷ ಅಲ್ಲಿ ಕಂಪ್ರೆಸರಿನ ಗಾಳಿ ಪೈಪು ಒತ್ತಡಕ್ಕೆ ಕಿತ್ತು ಬಂದು ಅವನ ಬಲಗಿವಿಗೆ ಬಡಿದಿತ್ತು. ಬಿದ್ದವನು ಎದ್ದು ಕೂತ. ಮೇಸ್ತ್ರಿ ಬಂದು “ಓಕೆ?” ಅಂದ. ಇವನು ಹೆಬ್ಬೆರಳೆತ್ತಿ “ಓಕೆ, ಓಕೆ” ಅಂದು ಆ ಪಾಳಿ ಮುಗಿಸಿಯೇ ಹೊರಟ. ಮನೆಗೆ ಫೋನು ಮಾಡಿದಾಗಲೂ ಚೆನ್ನಾಗಿದ್ದೀನಿ ಅಂತಲೇ ಅಂದಿದ್ದ. ಒಂಬತ್ತನೇ ದಿನ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವನು ನಿಂತಂತೆಯೇ ಬಿದ್ದುಹೋದ.

ಈಗ ಮನೆಗೆ ಬಂದು ಐದು ತಿಂಗಳು. ನೋಡಿದವರು ಇವನಿಗೇನಾಗಿದೆ ಅನ್ನಬೇಕು, ಹಾಗಿದ್ದ. ಕೈಕಾಲು ಗಟ್ಟಿ, ಮುಖದಲ್ಲಿ ಕಳೆ. ಆದರೆ ಬಲಗಿವಿ ಹೋಗಿತ್ತು. ಎದ್ದು ನಿಂತರೆ ನೆಲ ಓರೆಯಾಗುತ್ತದೆ ಅನ್ನುತ್ತಿದ್ದ. ಉಪ್ಪು ಕೊಡು ಅನ್ನಲು ಹೋಗಿ ಸೋಪು ಕೊಡು ಅನ್ನುತ್ತಿದ್ದ, ನಗಾಡಿದರೆ ತಟ್ಟೆ ನೂಕುತ್ತಿದ್ದ. ಉಂಡ ಅರ್ಧ ಗಂಟೆಗೆ ಬಂದು “ಇವತ್ತು ಊಟ ಇಲ್ವಾ?” ಎಂದು ಕೇಳುತ್ತಿದ್ದ. ಅತ್ತೆ ಮಾತಾಡದೆ ಮತ್ತೆ ಬಡಿಸುತ್ತಿದ್ದರು. ಮೇಲಿನ ಮನೆಯಾಕೆ ಅವನ ಹಳೆಯ ಕೈಗುಣ ನೆನೆದು ತನ್ನ ಫ್ಯಾನನ್ನು ಇಳಿಸಿ ತಂದು ಕೊಟ್ಟಿದ್ದಳು. ಒಂದೇ ಉಸಿರಿಗೆ ಬಿಚ್ಚಿದ. ಜೋಡಿಸಲು ಬರಲಿಲ್ಲ. ಸ್ಕ್ರೂ, ಬೇರಿಂಗು, ತಾಮ್ರದ ಸುತ್ತು, ರೆಕ್ಕೆ ಎಲ್ಲವೂ ದೊಡ್ಡ ಬೇಸಿನ್ನಿನಲ್ಲಿ ಮಂಚದ ಕೆಳಗೆ ಕೂತಿದ್ದವು. ಆಕೆ ದಿನಾ ಮೆಟ್ಟಿಲ ಮೇಲಿಂದ ಬಗ್ಗಿ “ಫ್ಯಾನ್ ಆಯ್ತಾ?” ಅನ್ನುವುದು, ಅತ್ತೆ ಇಲ್ಲಿಂದ “ಆಗ್ತಾ ಇದೆ, ನಾಳೆ” ಅನ್ನುವುದು. ಬೇಸಿಗೆ ಅರ್ಧ ಕಳೆದಿತ್ತು.

ಮನೆ ನಡೆಯುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ ಇನ್ಶೂರೆನ್ಸಿನವರು ಹಾಕುತ್ತಿದ್ದ ಪರಿಹಾರದಿಂದ. ಅವನ ಔಷಧಿ, ಕಿವಿ ಡಾಕ್ಟರು, ತಲೆ ಡಾಕ್ಟರು, ಮಗಳ ಫೀಸು, ಬಾಡಿಗೆ ಎಲ್ಲವೂ ಅದರಲ್ಲೇ. ಫೋನು ಬಂದು ಎರಡು ವಾರಕ್ಕೆ ಅದು ನಿಂತುಹೋಯಿತು. ಮತ್ತೊಂದು ವಾರಕ್ಕೆ ಕಾಗದ ಬಂತು.

ಮಗಳು ಊಟಕ್ಕೆ ಕೂತಲ್ಲೇ ಒಡೆದು ಓದಿದಳು. ಇಂಗ್ಲಿಷಿನಲ್ಲಿ ಓದಿ, ತುಟಿ ಕಚ್ಚಿಕೊಂಡು, ಮತ್ತೊಮ್ಮೆ ಓದಿದಳು.

“ಏನಂತೆ?” ಅವಳಮ್ಮ ಕೇಳಿದಳು.

“ಅಪ್ಪ ಗುಣವಾಗಿದ್ದಾರಂತೆ.”

“ಯಾರು ಹೇಳಿದ್ದು? ಯಾವ ಡಾಕ್ಟರು?”

“ಡಾಕ್ಟರಲ್ಲ. ಮನೆಯವರೇ ಹೇಳಿದ್ದಾರಂತೆ. ಇಂಥಾ ತಾರೀಖು ಫೋನಿನಲ್ಲಿ. ರೋಗಿ ಚೆನ್ನಾಗಿದ್ದಾನೆ, ಹಸಿವು ಚೆನ್ನಾಗಿದೆ, ದಿನಾ ರಿಪೇರಿ ಕೆಲಸ ಮಾಡ್ತಾನೆ ಅಂತ. ಅದಕ್ಕೇ ನಿಲ್ಲಿಸಿದ್ದಾರೆ.”

ಮೆಕ್ಯಾನಿಕ್ ಎಡಗಿವಿಯನ್ನು ಮಗಳ ಕಡೆ ತಿರುಗಿಸಿದ್ದ. ಕೈಯಲ್ಲಿದ್ದ ತುತ್ತು ಹಾಗೇ ಇತ್ತು. “ನಾನೇ ಹೇಳಿದ್ನೇನೋ” ಅಂದ. “ನನಗೆ ನೆನಪಿಲ್ಲ. ನಾನೇ ಹೇಳಿರ್ತೀನಿ.”

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಬೇಳೆ ಪಾತ್ರೆಯ ತಳ ಕೆರೆಯುತ್ತಿದ್ದರು. ತಳದಲ್ಲಿ ಏನೂ ಇರಲಿಲ್ಲ. ಮಂಗಳವಾರದ ಮಾತೆಲ್ಲ ಸೊಸೆಯ ಕಿವಿಯಲ್ಲಿ ಒಂದೊಂದಾಗಿ ವಾಪಸು ಬಂತು, ಹಾಳೆ ಮಡಚುತ್ತಾ ತಾನು ಕೇಳಿಯೂ ಕೇಳದಂತಿದ್ದದ್ದೂ ಬಂತು.

“ಅತ್ತೆ, ನೀವು ಫ್ಯಾನ್ ವಿಷಯ ಯಾಕೆ ಹೇಳೋಕೆ ಹೋದ್ರಿ?”

“ನೀನೇ ಅಲ್ವಾ ಫೋನ್ ಎತ್ತಿ ಅಂದಿದ್ದು?”

“ಎತ್ತಿ ಅಂದೆ. ಪುರಾಣ ಹೇಳಿ ಅಂದ್ನಾ?”

“ಹೇಗಿದ್ದಾನೆ ಅಂದ್ಳು, ಚೆನ್ನಾಗಿದ್ದಾನೆ ಅಂದೆ. ಹೆತ್ತವಳು ಇನ್ನೇನಂತಾಳೆ? ಹಾಳಾಗಿ ಹೋದ ಅಂತೀನಾ?” ಅಂದವರೇ ಬೆಚ್ಚಿ, ತಾವೇ “ಬಿಡ್ತು, ಬಿಡ್ತು” ಎಂದು ಎರಡು ಸಲ ಅಂದುಕೊಂಡರು. “ಚೆನ್ನಾಗಿದ್ದಾನೆ ಅಂದದ್ದಕ್ಕೆ ಅನ್ನ ಕಿತ್ಕೊಳ್ಳೋ ಜನಾನಾ ಅವರು? ಇದೆಂಥಾ ನ್ಯಾಯ? ನಂಗರ್ಥ ಆಗಲ್ಲ.”

ಯಾರಿಗೂ ಅರ್ಥವಾಗಿರಲಿಲ್ಲ. ಅಷ್ಟು ಅಕ್ಕರೆಯಿಂದ ಅಮ್ಮಾ ಅಂದವಳು ಹೀಗೆ ಮಾಡಬಹುದೇ? ಅವಳು ಯಾರ ಕಡೆಯವಳು? ಕಂಪನಿಯವಳೋ, ಇನ್ಶೂರೆನ್ಸಿನವಳೋ, ಸರ್ಕಾರದವಳೋ? ಸರ್ಕಾರ ಅಂದರೆ ಯಾವ ಸರ್ಕಾರ? ಮಗಳು ಕಾಗದದ ತಲೆಯ ಮೇಲಿದ್ದ ವಿಳಾಸಗಳನ್ನು ಓದಿದಳು. ಮೂರು ವಿಳಾಸಗಳಿದ್ದವು, ಮೂರೂ ಬೇರೆ ಬೇರೆ ಊರು.

ಮರುದಿನ ಶಾಪಿಗೆ ರಜೆ ಹೇಳಿ ಸೊಸೆ ಕಾಗದ ಹಿಡಿದು ಕೋರ್ಟಿನ ಕಾಂಪೌಂಡಿನ ಪಕ್ಕ ಕೂರುವ ಟೈಪಿಸ್ಟನ ಹತ್ತಿರ ಹೋದಳು. ಮೊದಲ ಅರ್ಜಿ ತುಂಬಿಕೊಟ್ಟವನೂ ಅವನೇ. ಮೂವತ್ತು ವರ್ಷ ಬೇರೆಯವರ ಕಷ್ಟ ಟೈಪು ಮಾಡಿ ಮಾಡಿ, ವಕೀಲರಿಗಿಂತ ಎರಡು ಮಾತು ಹೆಚ್ಚೇ ಬಲ್ಲವನು. ಕನ್ನಡಕ ಹಣೆಗೇರಿಸಿ ಕಾಗದವನ್ನು ಮೂಗಿಗೆ ಹಿಡಿದು ಓದಿದ.

“ನೋಡಮ್ಮ, ಆ ಕ್ಯಾಂಪಿನ ಸರ್ಕಾರದ ಕಾನೂನು ನಿಮ್ಮ ಕಡೆಗಿದೆ. ಸರ್ಕಾರದ ಗುತ್ತಿಗೆದಾರ ಪರದೇಶದಲ್ಲಿ ಆಳು ಇಟ್ಕೊಂಡ್ರೆ, ಆ ಆಳು ಯಾವ ದೇಶದವನೇ ಆಗಿರಲಿ, ಇನ್ಶೂರೆನ್ಸ್ ಮಾಡಿಸಿರಲೇಬೇಕು. ಪೆಟ್ಟಾಗಿ ದುಡಿಯೋಕಾಗದಿದ್ರೆ ಅವನಿಗೆ ಪರಿಹಾರ. ಸತ್ತರೆ ಹೆಂಡತಿ ಮಕ್ಕಳಿಗೆ.”

“ಬಿಡ್ತು ಅನ್ನಿ” ಎಂದಳು ಅವಳು, ತನಗೇ ಗೊತ್ತಿಲ್ಲದೆ.

“ಕಾನೂನಿಗೆಲ್ಲಾ ಬಿಡ್ತು ಅನ್ನೋಕಾಗುತ್ತೇನಮ್ಮ?” ಟೈಪಿಸ್ಟ್ ನಕ್ಕ. ಮತ್ತೆ ಕಾಗದಕ್ಕೆ ಬಂದ. “ತೊಡಕು ಎರಡು ಕಡೆ ಇದೆ. ಪೆಟ್ಟಾದ ದಿನ ನಿಮ್ಮ ಯಜಮಾನರು ಓಕೆ ಅಂದಿದ್ದಾರೆ, ಅದು ಅವರ ರಿಜಿಸ್ಟರಿನಲ್ಲಿದೆ. ಈಗ ನಿಮ್ಮ ಅತ್ತೆ ಚೆನ್ನಾಗಿದ್ದಾನೆ ಅಂದಿದ್ದಾರೆ, ಅದು ರೆಕಾರ್ಡಾಗಿದೆ. ನಿಮ್ಮ ಮನೆಯವರಿಗೆಲ್ಲ ಚೆನ್ನಾಗಿರೋ ಕಾಯಿಲೆ. ಅದಕ್ಕೆ ಔಷಧಿ ಇಲ್ಲ.”

“ಈಗೇನು ಮಾಡೋದು?”

“ಡಾಕ್ಟರ್ ಚೀಟಿ ಎಲ್ಲಾ ಸೇರಿಸಿ ಆಕ್ಷೇಪಣೆ ಹಾಕ್ತೀನಿ. ಫೋನಿನಲ್ಲೇ ವಿಚಾರಣೆ ಇಡ್ತಾರೆ. ಆ ಸರ್ಕಾರದ ಅಧಿಕಾರಿ ಇರ್ತಾರೆ, ಇನ್ಶೂರೆನ್ಸ್ ವಕೀಲ ಇರ್ತಾನೆ, ನಡುವೆ ದುಭಾಷಿ ಇರ್ತಾಳೆ. ಆದ್ರೆ ಚೀಟಿ ಒಂದೇ ಸಾಲದು. ಹೇಳಿದವರೇ ಬಂದು, ನಾನಂದದ್ದು ಉಪಚಾರಕ್ಕೆ, ನಿಜ ಹೀಗಿದೆ ಅಂತ ಬಾಯಿಬಿಟ್ಟು ಹೇಳಬೇಕು. ನಿಮ್ಮ ಅತ್ತೆ ಹೇಳ್ತಾರಾ?”

ಅವಳು ಪರ್ಸು ತೆರೆದು ಟೈಪಿಂಗಿನ ದುಡ್ಡು ಎಣಿಸಿಟ್ಟಳು. ಟೈಪಿಸ್ಟ್ ಹಾಳೆ ಸಿಕ್ಕಿಸಿ ಕುಟ್ಟತೊಡಗಿದ.

ವಿಚಾರಣೆಗೆ ನಾಲ್ಕು ವಾರ ಬಿಟ್ಟು ದಿನ ಕೊಟ್ಟರು. ಆ ನಾಲ್ಕು ವಾರ ಆ ಮನೆ ಹೇಗೆ ನಡೆಯಿತೋ ಅಡುಗೆಮನೆಗೇ ಗೊತ್ತು. ಮೊದಲು ಮೊಟ್ಟೆ ನಿಂತಿತು. ಆಮೇಲೆ ಹಾಲು ಅರ್ಧವಾಯಿತು. ಕಿವಿ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಿದರು. ಸೊಸೆ ಎರಡು ಕಟ್ಟಿನ ಬದಲು ನಾಲ್ಕು ಕಟ್ಟು ಹಾಳೆ ತಂದಳು. ಶಾಪಿನ ಯಜಮಾನ “ಏನಮ್ಮ, ಮನೇಲಿ ಏನಾದ್ರೂ ತೊಂದರೆಯಾ? ಯಜಮಾನ್ರು ಹೇಗಿದ್ದಾರೆ?” ಎಂದು ಕೇಳಿದ್ದಕ್ಕೆ ಅವಳು “ಚೆನ್ನಾಗಿದ್ದಾರೆ ಸಾರ್” ಅಂದಳು. ಬಸ್ಸು ಹತ್ತಿದ ಮೇಲೆ ತಲೆ ಚಚ್ಚಿಕೊಂಡಳು. ಮುಂಗಡ ಕೇಳಬೇಕೆಂದೇ ಅವತ್ತು ಯಜಮಾನನ ಮುಂದೆ ನಿಂತಿದ್ದಳು.

ಮನೆಯಲ್ಲಿ ಮಗಳು ಅಜ್ಜಿಗೆ ಪಾಠ ಶುರು ಮಾಡಿದಳು. ಬಟ್ಟೆ ಮಡಚುವಾಗ, ಪಾತ್ರೆ ಒರೆಸುವಾಗ, ಹೊತ್ತು ಗೊತ್ತಿಲ್ಲದೆ ಸೌಟನ್ನು ಫೋನಿನಂತೆ ಕಿವಿಗಿಟ್ಟುಕೊಂಡು ಬರುತ್ತಿದ್ದಳು.

“ನಮಸ್ಕಾರ ಅಮ್ಮ, ನಾನು ಅಧಿಕಾರಿ. ನಿಮ್ಮ ಮಗ ಹೇಗಿದ್ದಾರೆ?”

“ಮೈ ಸ್ವಲ್ಪ ಬೆಚ್ಚಗಿದೆ.”

“ಅಜ್ಜಿ! ಜ್ವರ ಅಲ್ಲ. ಹುಷಾರಿಲ್ಲ ಅನ್ನು. ನನ್ನ ಮಗನಿಗೆ ಹುಷಾರಿಲ್ಲ, ಕೆಲಸ ಮಾಡೋಕಾಗಲ್ಲ. ಅನ್ನು.”

“ಬಿಡ್ತು ಅನ್ನೇ ಮೊದಲು!”

“ಬಿಡ್ತು ಗಿಡ್ತು ಅನ್ನಬೇಡ ಅಜ್ಜಿ, ಕೈಮುಗಿತೀನಿ. ಅಲ್ಲಿ ನಿನ್ನ ಬಾಯಿಂದ ಬಂದದ್ದೆಲ್ಲಾ ಇಂಗ್ಲಿಷಿಗೆ ಹೋಗುತ್ತೆ. ಹುಷಾರಿಲ್ಲ ಅಂದು ಹಿಂದೇನೇ ಬಿಡ್ತು ಅಂದ್ರೆ ಏನಂತ ಬರ್ಕೋತಾರೆ ಗೊತ್ತಾ? ಹೇಳಿದ್ದನ್ನ ವಾಪಸ್ ತಗೊಂಡ್ರು ಅಂತ!”

“ವಾಪಸ್ ತಗೊಳ್ಳೋಕೇ ಅಲ್ವೇನೇ ಬಿಡ್ತು ಅನ್ನೋದು?” ಅಂದರು ಅತ್ತೆ. ಮೊಮ್ಮಗಳು ಸೌಟನ್ನು ಸಿಂಕಿಗೆ ಎಸೆದು ಓದಲು ಹೋದಳು.

ಮೆಕ್ಯಾನಿಕ್ ಇದನ್ನೆಲ್ಲ ಮಂಚದ ಮೇಲೆ ಕೂತು ನೋಡುತ್ತಿದ್ದ. ಅರ್ಧ ಕೇಳಿಸುತ್ತಿತ್ತು, ಕೇಳಿಸಿದ್ದರಲ್ಲಿ ಅರ್ಧ ನಿಲ್ಲುತ್ತಿತ್ತು. ಒಂದು ಭಾನುವಾರ ಇದ್ದಕ್ಕಿದ್ದ ಹಾಗೆ ರೇಗಿದ. “ಯಾಕೆ ಎಲ್ಲರೂ ನನ್ನನ್ನ ಸತ್ತವನ ಹಾಗೆ ನೋಡ್ತಿದ್ದೀರಾ? ನಾನು ಚೆನ್ನಾಗಿದ್ದೀನಿ. ನಾಳೆಯಿಂದ ಕೆಲಸಕ್ಕೆ ಹೋಗ್ತೀನಿ.” ಹಾಗಂದು ಬೇಸಿನ್ನು ಎಳೆದುಕೊಂಡು ಕೂತ. ಒಂದು ಸ್ಕ್ರೂ ತೆಗೆದು ಬೆಳಕಿಗೆ ಹಿಡಿದ. ಎಲ್ಲಿಯದು ಅಂತ ಹೊಳೆಯಲಿಲ್ಲ. ಇನ್ನೊಂದು ತೆಗೆದ. ಸಂಜೆಯವರೆಗೆ ಕೂತಿದ್ದು, ಕಡೆಗೆ ಎಲ್ಲ ಸ್ಕ್ರೂಗಳನ್ನೂ ಉದ್ದದ ಪ್ರಕಾರ ಸಾಲಾಗಿ ಜೋಡಿಸಿಟ್ಟು, ಬೇಸಿನ್ನನ್ನು ಮಂಚದ ಕೆಳಗೆ ತಳ್ಳಿದ. ಅವತ್ತು ಅವನು ಎರಡನೇ ಸಲ ಊಟ ಕೇಳಲಿಲ್ಲ. ಮೊದಲನೇ ಸಲವೂ ಉಣ್ಣಲಿಲ್ಲ.

ಸೊಸೆ ಅತ್ತೆಯ ಮೇಲೆ ಮುನಿಸಿಕೊಂಡು ಮೂರು ದಿನ ಮಾತು ಬಿಟ್ಟಳು. ಮಾತು ಬಿಟ್ಟರೂ ಕೆಲಸ ಬಿಡುವ ಹಾಗಿರಲಿಲ್ಲ. ಅತ್ತೆ ಹಾಳೆ ಎಣಿಸಿ ಕೊಡುತ್ತಿದ್ದರು, ಇವಳು ಮಡಚುತ್ತಿದ್ದಳು. ನಾಲ್ಕನೇ ದಿನ ಅತ್ತೆಯೇ ಬಾಯಿ ತೆರೆದರು.

“ನಾನು ಹಟಕ್ಕೆ ಮಾಡ್ತಿದ್ದೀನಿ ಅನ್ಕೊಂಡಿದ್ದೀಯಾ?”

ಸೊಸೆ ಇನ್ನೊಂದು ಹಾಳೆ ಮಡಚಿದಳು.

“ನಿನ್ನ ಮಾವ ಇದ್ದಾಗ, ನಾನು ಆಸ್ಪತ್ರೇಲಿ ಆಯಾ ಕೆಲಸ ಮಾಡ್ತಿದ್ದೆ. ತಂಗಿ ಮದುವೆಗೆ ರಜೆ ಬೇಕಿತ್ತು, ಕೊಡಲಿಲ್ಲ. ಗಂಡ ಹಾಸಿಗೆ ಹಿಡಿದಿದ್ದಾರೆ, ಏಳೋಕಾಗಲ್ಲ ಅಂತ ಸುಳ್ಳು ಬರೆಸಿ ಕೊಟ್ಟೆ. ಮದುವೆ ಮುಗಿಸಿ ಬಂದೆ. ಇಪ್ಪತ್ತು ದಿನಕ್ಕೆ ಹಾಸಿಗೆ ಹಿಡಿದ್ರು. ಏಳಲಿಲ್ಲ.” ಅತ್ತೆ ಎಣಿಸಿದ್ದ ಹಾಳೆಗಳನ್ನು ಮತ್ತೆ ಎಣಿಸಿದರು. “ಆಗ ನಿನ್ನ ಗಂಡನಿಗೆ ಹನ್ನೊಂದು ವರ್ಷ. ಅವನಿಗಿದು ಗೊತ್ತಿಲ್ಲ. ನನ್ನ ಬಾಯಿ ಸರಿ ಇಲ್ಲಮ್ಮ. ಈ ಬಾಯಿಂದ ಅವನ ವಿಷಯ ಹೇಳಿಸಬೇಡ.”

ಸೊಸೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅನ್ನಬಹುದಿತ್ತು. ಅನ್ನಲು ಬಾಯಿ ಬರಲಿಲ್ಲ. ಅವಳಿಗೂ ಒಳಗೊಳಗೇ ಭಯವಾಗಿತ್ತು. “ಆಯ್ತು ಬಿಡಿ ಅತ್ತೆ, ನಾನೇ ಹೇಳ್ತೀನಿ” ಎಂದಳು. ಅವತ್ತಿನಿಂದ ಇಬ್ಬರೂ ಮತ್ತೆ ಒಟ್ಟಿಗೆ ಚಹಾ ಕುಡಿಯತೊಡಗಿದರು.

ವಿಚಾರಣೆಗೆ ಒಂದು ವಾರವಿದ್ದಾಗ ಇನ್ನೊಂದು ಸಣ್ಣ ಸಂಗತಿ ನಡೆಯಿತು. ಸೊಸೆ ಶಾಪಿನಿಂದ ಬರುವಾಗ ಮನೆಗೆ ಬೀಗ ಹಾಕಿತ್ತು. ಸ್ವಲ್ಪ ಹೊತ್ತಿಗೆ ತಾಯಿ ಮಗ ಇಬ್ಬರೂ ಬಂದರು. ಅವನ ಕೈಯಲ್ಲಿ ಬ್ರೆಡ್ಡು, ಅತ್ತೆಯ ಕೈ ಅವನ ತೋಳಿನಲ್ಲಿ. “ಅಂಗಡೀಲಿ ರಶ್ಶು” ಅಂದರು ಅತ್ತೆ. ಬ್ರೆಡ್ಡಿನ ಅಂಗಡಿ ಇರುವುದು ಬೀದಿಯ ತುದಿಯಲ್ಲಿ, ಅಲ್ಲಿ ನಾಲ್ಕು ಜನ ನಿಂತರೆ ಹೆಚ್ಚು. ಸೊಸೆ ಕೇಳಲು ಹೋಗಲಿಲ್ಲ.

ವಿಚಾರಣೆ ಬುಧವಾರ ಬೆಳಿಗ್ಗೆ ಹತ್ತೂವರೆಗೆ. ಸೊಸೆ ಗೋಂದಿನ ಡಬ್ಬ ಮುಚ್ಚಿ, ಕೈ ತೊಳೆದು, ಹೇಳಬೇಕಾದ ಮಾತುಗಳನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದುಕೊಂಡು ಕೂತಳು. ಮಗಳು ಕಾಲೇಜಿಗೆ ಹೋಗದೆ ಪಕ್ಕದಲ್ಲಿ ಕೂತಳು. ಮೆಕ್ಯಾನಿಕ್ ಮಂಚದ ಮೇಲೆ, ಎಡಗಿವಿ ಫೋನಿನ ಕಡೆ. ಅತ್ತೆ ಮಾತ್ರ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದರು. ನಾನು ಆ ಕಡೆ ಬರೋದೇ ಇಲ್ಲ ಎಂದು ಮೊದಲೇ ಹೇಳಿದ್ದರು.

ಫೋನು ಹತ್ತೂವರೆಗೆ ಸರಿಯಾಗಿ ಬಂತು. ಮಗಳು ಸ್ಪೀಕರ್ ಹಾಕಿದಳು. ಯಾರೋ ಗಂಡಸು ಇಂಗ್ಲಿಷಿನಲ್ಲಿ ತುಂಬ ಹೊತ್ತು ಏನೋ ಓದಿದ. ಆಮೇಲೆ ಒಂದು ಹೆಣ್ಣುದನಿ ಬಂತು, ಅತ್ತೆ ಹೇಳಿದ್ದ ಅದೇ ಅಕ್ಕರೆ.

“ನಮಸ್ಕಾರ ಅಮ್ಮ. ನಾನು ದುಭಾಷಿ. ಅವತ್ತು ಇನ್ಶೂರೆನ್ಸಿನವರ ಪ್ರಶ್ನೆ ಕೇಳಿದವಳೂ ನಾನೇ. ನಾನು ಯಾರ ಕಡೆಯವಳೂ ಅಲ್ಲ. ಅವರಂದದ್ದು ನಿಮಗೆ ಹೇಳ್ತೀನಿ, ನೀವಂದದ್ದು ಒಂದಕ್ಷರ ಬಿಡದೆ ಅವರಿಗೆ ಹೇಳ್ತೀನಿ. ಎಲ್ಲವೂ ರೆಕಾರ್ಡ್ ಆಗುತ್ತೆ. ಅಧಿಕಾರಿಗಳು ನಿಮಗೆ ನಮಸ್ಕಾರ ಹೇಳ್ತಿದ್ದಾರೆ. ಹೇಗಿದ್ದೀರಿ ಎಲ್ಲರೂ, ಅಂತ ಕೇಳ್ತಿದ್ದಾರೆ.”

“ಚೆನ್ನಾಗಿದ್ದೀವಿ” ಅಂದಳು ಸೊಸೆ.

ಅಂದ ಮೇಲೆ ಗೊತ್ತಾಯಿತು. ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಫೋನಿನೊಳಗೆ ಹೆಣ್ಣುದನಿ ಅದನ್ನು ಇಂಗ್ಲಿಷಿಗೆ ಹೇಳುವುದು ಕೇಳಿಸಿತು, ಯಾರೋ ಏನೋ ಬರೆದುಕೊಂಡ ಹಾಗಾಯಿತು. ಸೊಸೆ ರಟ್ಟನ್ನು ನೋಡಿದಳು. ಅಕ್ಷರಗಳೆಲ್ಲ ಅಲ್ಲಿದ್ದವು, ಒಂದೂ ಓದಲಾಗಲಿಲ್ಲ. “ಅಲ್ಲ, ಅಂದ್ರೆ, ಚೆನ್ನಾಗಿದ್ದೀವಿ ಅಂದ್ರೆ…” ಎಂದು ತಡವರಿಸಿದಳು. ಇನ್ನೊಬ್ಬ ಗಂಡಸು, ವಕೀಲನಿರಬೇಕು, ಇಂಗ್ಲಿಷಿನಲ್ಲಿ ಚುಟುಕಾಗಿ ಏನೋ ಅಂದ. “ಹಾಗಾದರೆ ಮೊದಲಿನ ಹೇಳಿಕೇನೇ ಸರಿ ಅಂತ ತಗೋಬಹುದಾ, ಅಂತ ಕೇಳ್ತಿದ್ದಾರೆ” ಎಂದಳು ದುಭಾಷಿ.

ಅಡುಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತು. ಅತ್ತೆ ಒದ್ದೆ ಕೈಯಲ್ಲೇ ಬಂದು, ಸೊಸೆಯ ಮುಂದಿನಿಂದ ಫೋನು ಎತ್ತಿಕೊಂಡು, ಬಾಯಿಯ ಹತ್ತಿರ ಹಿಡಿದರು.

“ಅವಳ ಮಾತು ಬಿಡಮ್ಮ. ಅವಳಿಗೆ ಅದು ಅಭ್ಯಾಸ, ನನ್ನಿಂದಲೇ ಬಂದ ಅಭ್ಯಾಸ. ನಾನು ಅವನ ತಾಯಿ. ಅವತ್ತು ನಿನ್ನ ಹತ್ರ ಮಾತಾಡಿದವಳು ನಾನೇ.” ಅತ್ತೆ ಉಸಿರೆಳೆದುಕೊಂಡರು. “ಚೆನ್ನಾಗಿಲ್ಲ. ಬರ್ಕೋ. ನನ್ನ ಮಗ ಚೆನ್ನಾಗಿಲ್ಲ.”

ಅತ್ತೆಯ ತುಟಿ ಮತ್ತೆ ಅಲುಗಿದ್ದನ್ನು ಸೊಸೆ ನೋಡಿದಳು. ‘ಬಿ’ ಎನ್ನುವ ಅಕ್ಷರಕ್ಕೆ ತುಟಿ ಕೂಡಿಯೇ ಬಿಟ್ಟಿತ್ತು. ಅತ್ತೆ ಎಡಗೈಯನ್ನು ಬಾಯಿಗೆ ಅಡ್ಡ ಒತ್ತಿ ಹಿಡಿದರು. ಆಲೂಗಡ್ಡೆಯ ಸಿಪ್ಪೆ ಗಲ್ಲಕ್ಕೆ ಅಂಟಿತು. ಕೈ ತೆಗೆದು ಅತ್ತೆ ಮುಂದುವರಿಸಿದರು.

“ಎರಡು ಸಲ ಊಟ ಮಾಡ್ತಾನೆ ಅಂದಿದ್ದೆ. ಯಾಕೆ ಅಂತ ನೀನು ಕೇಳಲಿಲ್ಲ. ಉಂಡದ್ದು ನೆನಪಿರಲ್ಲ, ಅದಕ್ಕೆ. ಫ್ಯಾನ್ ಬಿಚ್ಚಿದ ಅಂದಿದ್ದೆ. ಬಿಚ್ಚಿದ. ಎರಡು ತಿಂಗಳಿಂದ ಬೇಸಿನ್‌ನಲ್ಲಿದೆ. ಇವನು ಒಂದು ಕಾಲದಲ್ಲಿ ಕಣ್ಣು ಮುಚ್ಚಿ ಜನರೇಟರ್ ಕಟ್ಟುತ್ತಿದ್ದವನು. ಹೋದ ವಾರ ಬ್ರೆಡ್ ತಾ ಅಂತ ಕಳಿಸಿದೆ. ಗಂಟೆಯಾದ್ರೂ ಬರಲಿಲ್ಲ. ಹುಡುಕಿಕೊಂಡು ಹೋದ್ರೆ, ನಮ್ಮ ಬೀದೀಲೇ, ಮೂರನೇ ಮನೆ ಬಾಗಿಲಿಗೆ ನಮ್ಮ ಬೀಗದ ಕೈ ಹಾಕಿ ತಿರುಗಿಸ್ತಾ ನಿಂತಿದ್ದ. ಬೆವರಿ ಹೋಗಿದ್ದ. ನನ್ನ ನೋಡಿ, ಅಮ್ಮ, ಬಾಗಿಲು ತೆಗೀತಿಲ್ಲ ಅಂದ. ನಾನು ಯಾರಿಗೂ ಹೇಳಿಲ್ಲ. ಈಗ ಹೇಳ್ತಿದ್ದೀನಿ.”

ದುಭಾಷಿಯ ದನಿ ಎಲ್ಲವನ್ನೂ ಆ ಕಡೆಗೆ ದಾಟಿಸಿತು. ನಡುವೆ ಒಂದು ಕಡೆ ನಿಂತು, ಮತ್ತೆ ಹೇಳಿತು. ಅಧಿಕಾರಿ ಇನ್ನೂ ಮೂರು ನಾಲ್ಕು ಪ್ರಶ್ನೆ ಕೇಳಿದ, ಡಾಕ್ಟರ ಹೆಸರು, ಔಷಧಿ ಹೆಸರು. ಅದನ್ನೆಲ್ಲ ಮಗಳು ಹೇಳಿದಳು. ಕಡೆಗೆ ಅವನು, ಮೊದಲಿನ ಹೇಳಿಕೆಯ ಪಕ್ಕದಲ್ಲಿ ಇದನ್ನೂ ದಾಖಲು ಮಾಡಿದ್ದೇವೆ, ಮೂವತ್ತು ದಿನದೊಳಗೆ ತೀರ್ಮಾನ ತಿಳಿಸುತ್ತೇವೆ ಎಂದ. ಕೊಡುತ್ತೇವೆ ಅಂತಲೂ ಅನ್ನಲಿಲ್ಲ, ಕೊಡುವುದಿಲ್ಲ ಅಂತಲೂ ಅನ್ನಲಿಲ್ಲ. ಫೋನು ಕುಂಯ್ ಅಂದು ನಿಂತಿತು.

ಗೆದ್ದೆವೋ ಸೋತೆವೋ ಎಂದು ಯಾರಿಗೂ ತಿಳಿಯಲಿಲ್ಲ. ಅತ್ತೆ ಫೋನನ್ನು ಹಾಳೆಗಳ ಕಟ್ಟಿನ ಮೇಲಿಟ್ಟು ಮಗನ ಕಡೆ ತಿರುಗಿದರು. ಅವನು ಎಡಗಿವಿಯನ್ನು ಇನ್ನೂ ಆ ಕಡೆಗೇ ಹಿಡಿದು ಕೂತಿದ್ದ.

“ಎಲ್ಲಾ ಕೇಳಿಸ್ತೇನೋ?” ಎಂದರು ಅತ್ತೆ.

“ಕೇಳಿಸ್ತು.” ಅವನು ಬಲಗಿವಿಯನ್ನು ಮುಟ್ಟಿಕೊಂಡ. “ಅವತ್ತು ಓಕೆ ಅಂದ್ನಲ್ಲ ಅಮ್ಮ, ಅವತ್ತೇ ಓಕೆ ಇರಲಿಲ್ಲ. ಕಿವೀಲಿ ರಕ್ತ ಬರ್ತಿತ್ತು. ಮನೆಗೆ ಕಳಿಸಿಬಿಡ್ತಾರೇನೋ ಅಂತ ಹೇಳಲಿಲ್ಲ. ನಿಮಗೂ ಹೇಳಲಿಲ್ಲ.”

ಸೊಸೆ ಅಳಬಾರದು ಅಂದುಕೊಂಡಿದ್ದಳು, ಆಗಲಿಲ್ಲ. ಏಳು ವರ್ಷ ಫೋನಿನಲ್ಲಿ ಕೇಳಿದ ಒಂದೊಂದು ‘ಚೆನ್ನಾಗಿದ್ದೀನಿ’ಯೂ ಈಗ ಅನುಮಾನವಾಗಿ ಕಾಡತೊಡಗಿತು. ಅವನಿಗೆ ತಾನು ಹೇಳಿದ ಚೆನ್ನಾಗಿದ್ದೀವಿಗಳೂ ನೆನಪಾದವು.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಮೇಲಿನ ಮನೆಯಾಕೆ ಬಗ್ಗಿ ಕೂಗಿದಳು. “ಅಮ್ಮಾ, ಫ್ಯಾನ್ ಆಯ್ತಾ? ಸೆಖೆ ತಡೆಯೋಕಾಗ್ತಿಲ್ಲ!”

ಎಲ್ಲರೂ ಅತ್ತೆಯ ಬಾಯಿ ನೋಡಿದರು. ಆದರೆ ಉತ್ತರ ಬಂದದ್ದು ಮಂಚದಿಂದ. “ಆಗಲ್ಲ ಅಂತ ಹೇಳು” ಎಂದ ಮೆಕ್ಯಾನಿಕ್ ಹೆಂಡತಿಗೆ. “ನನ್ನ ಕೈಲಿ ಆಗಲ್ಲ. ಬೇರೆ ಯಾರಿಗಾದ್ರೂ ಕೊಡಲಿ. ಒಂದೂ ಸ್ಕ್ರೂ ಕಳೆದಿಲ್ಲ ಅನ್ನು, ಎಲ್ಲಾ ಸಾಲಾಗಿ ಇಟ್ಟಿದ್ದೀನಿ.”

ಬೇಸಿನ್ನು ಭಾರವಿತ್ತು. ಒಂದು ಕಡೆ ಸೊಸೆ ಹಿಡಿದಳು, ಇನ್ನೊಂದು ಕಡೆ ಅತ್ತೆ. ಸ್ಕ್ರೂಗಳ ಸಾಲು ಕದಡದ ಹಾಗೆ ಒಂದೊಂದೇ ಮೆಟ್ಟಿಲು ಹತ್ತಿದರು. ತಿರುವಿನಲ್ಲಿ ಅತ್ತೆ ನಿಂತರು. ಮೇಲೆ ನೋಡಿದರು, ಕೆಳಗೆ ನೋಡಿದರು.

“ಫೋನು ಪೂರ್ತಿ ಕಟ್ಟಾಗಿದೆ ತಾನೆ?” ಎಂದು ಪಿಸುಗುಟ್ಟಿದರು.

“ಆಗಿದೆ ಅತ್ತೆ.”

“ಈಗ ಯಾರೂ ಬರ್ಕೋತಿಲ್ಲ ತಾನೆ?”

“ಇಲ್ಲ ಅತ್ತೆ. ಯಾರೂ ಇಲ್ಲ.”

“ಬಿಡ್ತು” ಅಂದರು ಅತ್ತೆ.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಯಾರೂ ಹೇಳಿಸದೆ, ಸೊಸೆಯೂ ಮನಸಾರೆ ಅಂದಳು, “ಬಿಡ್ತು.” ಆಮೇಲೆ ಇಬ್ಬರೂ ಬೇಸಿನ್ನನ್ನು ಎತ್ತಿಕೊಂಡು ಉಳಿದ ಮೆಟ್ಟಿಲು ಹತ್ತಿದರು.